ಕ್ಯಾಮೆರಾದ ಎದುರು ಬಂದ ತಾಯಿ ಕರಡಿ



ಒಂದು ಕಾಲದಲ್ಲಿ ಪ್ರಥಮ ಪರಮಪ್ರಸಾದದ ದಿನವೋ ಮದುವೆಯ ದಿನವೋ ಸ್ಟುಡಿಯೊದವರನ್ನು ಕರೆಸಿ ಒಂದೆರಡು ಫೋಟೊ ತೆಗೆಸಿಕೊಂಡರೆ ಅದೇ ದೊಡ್ಡ ಸಂಭ್ರಮವಾಗಿತ್ತು. ಈಗ ಮನೆಮನೆಯಲ್ಲೂ, ಮಕ್ಕಳ ಕೈಯಲ್ಲೂ ಫೋಟೊ ತೆಗೆಯುವ ಫೋನು ಇದೆ. ಹೂವು, ಹಕ್ಕಿ, ಬೆಟ್ಟ, ಸೂರ್ಯೋದಯ ಕಂಡಲ್ಲೆಲ್ಲ ಕೈ ತಾನಾಗಿಯೇ ಮೇಲೇಳುತ್ತದೆ. ಇದನ್ನು ಕೆಟ್ಟದ್ದೆಂದು ಹೇಳಲು ನಾನು ಹೊರಟಿಲ್ಲ. ದೇವರ ಸೃಷ್ಟಿಯ ಚೆಲುವನ್ನು ಕಂಡು ಹಿಗ್ಗುವುದು ಒಳ್ಳೆಯ ಮನಸ್ಸಿನ ಲಕ್ಷಣವೇ ಸರಿ. ಆದರೆ ನೋಡುವುದಕ್ಕೂ ಒಂದು ಮರ್ಯಾದೆ ಇದೆ. ಅದನ್ನು ನಾನು ಕಲಿತದ್ದು ನಿವೃತ್ತಿಯ ವಯಸ್ಸಿನಲ್ಲಿ, ಒಂದು ತಾಯಿ ಕರಡಿಯಿಂದ ಮತ್ತು ಒಬ್ಬ ಕುರಿ ಕಾಯುವ ಹಿರಿಯರಿಂದ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಡದೆ ಬರೆಯುತ್ತೇನೆ.

ಹಕ್ಕಿಗಾಗಿ ಹೊರಟೆವು

ನಾನು ಹೊಸಪೇಟೆಯವಳು. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮೊದಲ ವರ್ಷದ ಸಂಬಳದಲ್ಲಿ ಉಳಿಸಿ, ಮೊಳದುದ್ದದ ಲೆನ್ಸ್ ಇರುವ ಒಂದು ಕ್ಯಾಮೆರಾ ಕೊಂಡಿದ್ದ. ಕೆಲವು ವರ್ಷಗಳ ಹಿಂದೆ ಪಾಸ್ಕ ಹಬ್ಬಕ್ಕೆ ಊರಿಗೆ ಬಂದವನು, "ಅತ್ತೆ, ಹಳದಿ ಕೊರಳಿನ ಪಿಕಳಾರ ನಮ್ಮ ಕಡೆ ಗುಡ್ಡದಾಗ ಸಿಗತೈತಂತ. ತೋರಸ್ತೀಯಾ?" ಎಂದು ಕೇಳಿದ.

ಪಿಕಳಾರ ನಮ್ಮ ಹಿತ್ತಲಿಗೂ ಬರುವ ಹಕ್ಕಿಯೇ. ಆದರೆ ಹಳದಿ ಕೊರಳಿನದು ಹಾಗಲ್ಲ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು, ಅಲ್ಲಿನ ಮುಳ್ಳುಪೊದೆಗಳನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲೂ ಅದು ಸಿಗುವುದಿಲ್ಲ. ಬಲು ನಾಚಿಕೆಯ ಹಕ್ಕಿ. ಚಿಕ್ಕ ಸದ್ದಾದರೂ ಪೊದೆ ಸೇರಿಬಿಡುತ್ತದೆ. ಹಂಪಿಯ ಸುತ್ತಲಿನ ಗುಡ್ಡಗಳು ಅದಕ್ಕೆ ಹೇಳಿಮಾಡಿಸಿದ ಜಾಗ.

ಹಬ್ಬ ಕಳೆದ ಎರಡನೆಯ ದಿನ, ಬೆಳಗಿನ ಜಾವ ಐದೂವರೆಗೆ ಸ್ಕೂಟರಿನಲ್ಲಿ ಹೊರಟೆವು. ನಾವು ಹೋದ ಗುಡ್ಡ ಅಭಯಾರಣ್ಯದ ಒಳಗಿನದಲ್ಲ. ಹೊಲಗಳ ಅಂಚಿನಲ್ಲಿರುವ, ಊರವರೆಲ್ಲ ಓಡಾಡುವ ಗುಡ್ಡ. ಅದರ ಬುಡದಲ್ಲಿ ಒಬ್ಬ ತಾತ ಹಟ್ಟಿಯಿಂದ ಕುರಿ ಬಿಡುತ್ತಿದ್ದರು. ಹಣೆಯಿಂದ ಕೆನ್ನೆಯವರೆಗೆ ಆಳವಾದ ಗಾಯದ ಕಲೆ, ಎಡಗಣ್ಣು ಮುಚ್ಚಿಹೋಗಿತ್ತು. ನಮ್ಮನ್ನು ನೋಡಿ ಹತ್ತಿರ ಬಂದರು.

"ಯವ್ವಾ, ಕಲ್ಲಿನ ಸಂದಿಯಾಗ ಸುಮ್ಮನ ಹೋಗಬ್ಯಾಡ್ರಿ. ಮಾತಾಡಿಕೋಂತ ಹೋಗ್ರಿ. ಇಲ್ಲಾಂದ್ರ ಕೋಲು ಬಡಕೋಂತ ಹೋಗ್ರಿ. ಕರಡಿ ಐತಿ" ಎಂದರು.

ನಾವು ತಲೆಯಾಡಿಸಿದೆವು. ಆದರೆ ಗುಡ್ಡ ಹತ್ತಿದ್ದು ಉಸಿರೂ ಕೇಳಿಸದಂತೆ. ಮಾತಾಡಿದರೆ ಹಕ್ಕಿ ಹಾರಿಹೋಗುತ್ತದಲ್ಲ! ಆ ಕಡೆ ಕರಡಿಗಳಿವೆಯೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹಂಪಿಯಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ದರೋಜಿ ಕರಡಿಧಾಮವಿದೆ. ಕರಡಿಗಳಿಗಾಗಿಯೇ 1994ರಲ್ಲಿ ಘೋಷಿಸಿದ ಅಭಯಾರಣ್ಯವದು. ಮೊದಲು ಸುಮಾರು 56 ಚದರ ಕಿಲೋಮೀಟರ್ ಇದ್ದದ್ದು ಆಮೇಲೆ 82 ಚದರ ಕಿಲೋಮೀಟರಿಗೂ ಮೀರಿ ಬೆಳೆದಿದೆ. ಶಾಲೆಯಿಂದ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ವೀಕ್ಷಣಾ ಗೋಪುರದ ಮೇಲಿನಿಂದ ತೋರಿಸಿದವಳು ನಾನು. ಆದರೂ ಕರಡಿಗಳು ಬೇಲಿಯ ಒಳಗೇ ಇರುತ್ತವೆ ಎಂಬಂತೆ ನಡೆದುಕೊಂಡೆ. ಕರಡಿಗೆ ನಮ್ಮ ನಕಾಶೆ ಗೊತ್ತಿಲ್ಲ.

ಒಂದು ನಿಮಿಷ

ಎರಡು ದೊಡ್ಡ ಬಂಡೆಗಳ ನಡುವೆ ಒಂದು ಕವಳೆ ಪೊದೆಯಿತ್ತು. ಅದರಾಚೆ ಹಕ್ಕಿಯ ದನಿ ಕೇಳಿಸಿತು. ಹುಡುಗ ಒಂದು ಮೊಣಕಾಲೂರಿ ಕ್ಯಾಮೆರಾ ಕಣ್ಣಿಗಿಟ್ಟುಕೊಂಡ. ಗಾಳಿ ಮೇಲಿನಿಂದ ನಮ್ಮ ಕಡೆಗೆ ಬೀಸುತ್ತಿತ್ತು. ಆಗ ಬಂಡೆಯ ಮರೆಯಿಂದ ಯಾರೋ ಜೋರಾಗಿ ಸೀನಿದಂಥ ಸದ್ದಾಯಿತು.

ಇಪ್ಪತ್ತು ಹೆಜ್ಜೆಯ ದೂರದಲ್ಲಿ ಕರಡಿ ನಿಂತಿತ್ತು. ಕಪ್ಪು ಕೆದರು ಕೂದಲು, ಬೂದಿ ಬಳಿದಂಥ ಮೂತಿ. ಬೆನ್ನ ಮೇಲೆ ಎರಡು ಮರಿಗಳು ಕೂದಲನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದವು. ಅದು ನಮ್ಮನ್ನು ಕಂಡು ಹಿಂಗಾಲುಗಳ ಮೇಲೆ ಎದ್ದು ನಿಂತಿತು. ಹಾಗೆ ಎದ್ದಾಗ ಒಂದು ಮರಿ ಜಾರಿ ನೆಲಕ್ಕೆ ಬಿದ್ದು ಕಿರುಚಿತು.

ಓದುಗರೇ, ಆ ಕ್ಷಣದಲ್ಲಿ ನಾನು ಮಾಡಬೇಕಾದದ್ದು ಒಂದೇ ಇತ್ತು. ಹುಡುಗನ ಭುಜ ಹಿಡಿದು ಮೆಲ್ಲಗೆ ಹಿಂದಕ್ಕೆ ಕರೆತರಬೇಕಿತ್ತು. ಹಿರಿಯಳು ನಾನು. ಅವನನ್ನು ಅಲ್ಲಿಗೆ ಕರೆದುಕೊಂಡು ಹೋದವಳೂ ನಾನೇ. ಆದರೆ ನನ್ನ ಬಾಯಿಂದ ಬಂದ ಮಾತು "ತೆಗಿ, ಲಗೂನ ತೆಗಿ!" ಅಂಥ ನೋಟ ಮತ್ತೆ ಸಿಗುವುದಿಲ್ಲ ಎಂಬ ಆಸೆ ಭಯಕ್ಕಿಂತ ಮುಂದಾಯಿತು. ಹುಡುಗ ಪಟಪಟನೆ ಗುಂಡಿಯೊತ್ತಿದ.

ಕರಡಿ ನುಗ್ಗಿ ಬಂತು. ನಾಲ್ಕೈದು ನೆಗೆತದಲ್ಲಿ ಅರ್ಧ ದೂರ ಬಂದು, ಗುರುಗುಟ್ಟಿ ನಿಂತಿತು. ಬೀಳದೆ ಉಳಿದಿದ್ದ ಮರಿ ಇನ್ನೂ ಅದರ ಬೆನ್ನಿಗೆ ಅಂಟಿಕೊಂಡೇ ಇತ್ತು. ನಾನು ಹುಡುಗನ ಅಂಗಿ ಹಿಡಿದೆಳೆದೆ. ಚೀಲ ಅಲ್ಲೇ ಬಿಟ್ಟೆವು. ಬೆನ್ನು ತೋರಿಸದೆ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟೆವು. ಕೆಳಗಿನಿಂದ ತಾತ ಕೂಗುತ್ತಾ ಬಂಡೆಗೆ ಕೋಲು ಬಡಿಯುವ ಸದ್ದು ಕೇಳಿಸಿತು. ಕರಡಿ ಆ ಕಡೆ ಮೂತಿ ಎತ್ತಿ, ತಿರುಗಿ ಮರಿಯ ಬಳಿಗೆ ಹೋಯಿತು. ಬಿದ್ದ ಮರಿ ಬೆನ್ನೇರಿತು. ಮೂರೂ ಬಂಡೆಗಳ ನಡುವೆ ಮಾಯವಾದವು. ಎಲ್ಲ ಸೇರಿ ಒಂದು ನಿಮಿಷವಾಗಿರಬಹುದು. ಕೊರಳಿನಲ್ಲಿ ಜಪಸರವಿತ್ತು, ಒಂದು ಪ್ರಾರ್ಥನೆಯೂ ನನ್ನ ಬಾಯಿಗೆ ಬರಲಿಲ್ಲ.

ಆ ತಾಯಿ ಹಾಗೇಕೆ ಮಾಡಿತು?

ಮನೆಗೆ ಬಂದ ಮೇಲೆ ಪುಸ್ತಕಗಳನ್ನು ಮತ್ತೆ ತೆಗೆದು ಓದಿದೆ. ನಾನೇ ಪಾಠ ಮಾಡಿದ ವಿಷಯಗಳು ಈಗ ಬೇರೆಯಾಗಿ ಅರ್ಥವಾದವು.

ನಮ್ಮ ಕಡೆಯ ಕರಡಿ ಮುಖ್ಯವಾಗಿ ಗೆದ್ದಲು, ಇರುವೆ, ಜೇನು, ಹಣ್ಣು ತಿಂದು ಬದುಕುತ್ತದೆ. ಅದರ ಮೇಲಿನ ಸಾಲಿನಲ್ಲಿ ನಡುವಿನ ಎರಡು ಬಾಚಿಹಲ್ಲುಗಳಿರುವುದಿಲ್ಲ. ಆ ಸಂದಿಯಿಂದ, ಉದ್ದನೆಯ ತುಟಿಗಳನ್ನು ಕೊಳವೆಯಂತೆ ಮಾಡಿ, ಹುತ್ತದೊಳಗಿನ ಗೆದ್ದಲನ್ನು ಹೀರುತ್ತದೆ. ಮಣ್ಣು ಮೂಗಿಗೆ ಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದು. ಹೀರುವ ಸದ್ದು ನೂರು ಮೀಟರಿಗೂ ಆಚೆ ಕೇಳಿಸುತ್ತದೆ. ಮುಂಗಾಲಿನ ಬಾಗಿದ ಉಗುರುಗಳು ಮೂರು ಅಂಗುಲಕ್ಕೂ ಉದ್ದ. ಆ ಉಗುರುಗಳನ್ನು ಕಂಡೇ 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿಜ್ಞಾನಿ ಇದನ್ನು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಮರವಾಸಿ ಪ್ರಾಣಿಯ ಬಳಗವೆಂದು ತಪ್ಪಾಗಿ ತಿಳಿದ. 'ಸ್ಲಾತ್ ಬೇರ್' ಎಂಬ ಇಂಗ್ಲಿಷ್ ಹೆಸರು ಹಾಗೆ ಉಳಿದುಬಂತು. ಉಗುರುಗಳಿರುವುದು ಹುತ್ತ ಅಗೆಯಲು. ಆದರೆ ಅವೇ ಉಗುರುಗಳು ಮನುಷ್ಯನ ಮುಖಕ್ಕೆ ತಗುಲಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕರಡಿಯ ಮೂಗು ಬಹಳ ಚುರುಕು. ಕಣ್ಣು, ಕಿವಿ ಅಷ್ಟು ಚುರುಕಲ್ಲ. ಹುತ್ತ ಅಗೆಯುವಾಗಲಂತೂ ಅದಕ್ಕೆ ಹೊರಗಿನ ಪರಿವೆಯೇ ಇರುವುದಿಲ್ಲ. ಆ ದಿನ ಗಾಳಿ ಅದರ ಕಡೆಯಿಂದ ನಮ್ಮ ಕಡೆಗಿತ್ತು. ನಮ್ಮ ವಾಸನೆ ಅದಕ್ಕೆ ಸಿಗಲಿಲ್ಲ, ಸದ್ದನ್ನು ನಾವೇ ಕೊಡಲಿಲ್ಲ. ಹಕ್ಕಿಗೆಂದು ನಾವು ಕಾಪಾಡಿದ ಮೌನವೇ ಕರಡಿಯ ಮುಂದೆ ನಮ್ಮನ್ನು ಕಳ್ಳರಂತೆ ನಿಲ್ಲಿಸಿತು. ದೂರದಿಂದಲೇ ಮನುಷ್ಯರ ಸುಳಿವು ಸಿಕ್ಕರೆ ಕರಡಿ ಸಾಮಾನ್ಯವಾಗಿ ತಾನೇ ದಾರಿ ಬಿಟ್ಟು ಹೋಗುತ್ತದೆ. ಹತ್ತಿರದಲ್ಲಿ ತಟ್ಟನೆ ಎದುರಾದರೆ ಮಾತ್ರ ಓಡುವುದಕ್ಕಿಂತ ಎದುರಿಸುವುದೇ ಅದರ ಸ್ವಭಾವ. ಹುಲಿ, ಚಿರತೆಗಳಿರುವ ನಾಡಿನಲ್ಲಿ, ನೆಲದ ಮೇಲೆಯೇ ನಿಂತು ಮರಿಗಳನ್ನು ಉಳಿಸಿಕೊಳ್ಳಬೇಕಾದ ಪ್ರಾಣಿಯಲ್ಲವೇ? ಮರಿಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುವುದೂ ಅದಕ್ಕೇ.

ಕೆಲವರು ಹೇಳುವಂತೆ ಅದು ದುಷ್ಟ ಮೃಗವಲ್ಲ. ಅದು ತಿಂದ ಕಾಡುಹಣ್ಣುಗಳ ಬೀಜ ಲದ್ದಿಯ ಮೂಲಕ ಗುಡ್ಡದ ತುಂಬ ಬಿದ್ದು ಮೊಳೆಯುತ್ತವೆ. ಬೋಳುಗುಡ್ಡದಲ್ಲಿ ಬಾರೆ, ಕವಳೆ ಗಿಡಗಳು ಏಳುವುದರಲ್ಲಿ ಅದರ ಪಾಲೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕರಡಿಯನ್ನು ಮೊದಲನೆಯ ಪಟ್ಟಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿಯೇ, ಇರಿಸಲಾಗಿದೆ.

ತಾತ ಹೇಳಿದ ಮಾತು

ಗುಡ್ಡದ ಬುಡದಲ್ಲಿ ತಾತ ನಮ್ಮನ್ನು ಕೂರಿಸಿ ನೀರು ಕೊಟ್ಟರು. ಬೈಯಲಿಲ್ಲ. ಹುಡುಗನ ಕಣ್ಣು ಅವರ ಮುಖದ ಕಲೆಯ ಮೇಲೆ ನಿಂತದ್ದನ್ನು ಗಮನಿಸಿ ಅವರೇ ಹೇಳಿದರು. ಹನ್ನೆರಡು ವರ್ಷಗಳ ಹಿಂದೆ, ಶೇಂಗಾ ಹೊಲ ಕಾಯಲು ಹೋಗಿದ್ದ ಒಂದು ನಸುಕಿನಲ್ಲಿ, ತಪ್ಪಿಸಿಕೊಂಡ ಕುರಿಮರಿಯನ್ನು ಹುಡುಕುತ್ತಾ ಒಂದು ಗವಿಯ ಬಾಯಿಗೆ ಬಗ್ಗಿದರಂತೆ. ಒಳಗೆ ಮರಿ ಹಾಕಿದ ಕರಡಿ ಇತ್ತು. ಎರಡು ತಿಂಗಳು ಬಳ್ಳಾರಿಯ ಆಸ್ಪತ್ರೆಯಲ್ಲಿದ್ದರು. ಕಣ್ಣು ಉಳಿಯಲಿಲ್ಲ. ಊರಿನ ಹುಡುಗರು ಗವಿಗೆ ಬೆಂಕಿ ಹಾಕುತ್ತೇವೆಂದು ಎದ್ದರಂತೆ.

"ನಾನಾ ಬ್ಯಾಡಂದೆ ಯವ್ವಾ. ಅದು ನನ್ನ ಮನಿಗೆ ಬಂದಿದ್ದಿಲ್ಲ, ನಾನು ಅದರ ಮನಿ ಬಾಗಿಲಿಗೆ ಹೋಗಿದ್ದೆ. ಒಳಗ ಮರಿ ಇದ್ದವು. ನಮ್ಮ ಮನ್ಯಾಗಿನ ತಾಯಿ ಆಗಿದ್ರ ಏನು ಮಾಡತಿದ್ಲು?"

ಆಮೇಲೆ ಹುಡುಗನ ಕ್ಯಾಮೆರಾ ನೋಡಿ ಕೇಳಿದರು: "ತಮ್ಮಾ, ಈ ಪಟ ಎಲ್ಲಾರಿಗೂ ಕಳಿಸ್ತಿಯೇನು? ನಾಳಿ ಮಂದಿ ಬರತಾರ. ಕರಡಿ ಬೆದರತೈತಿ. ನೋಡಾಕ ಬಂದೋರು ಕಾರು ಹತ್ತಿ ಹೋಗತಾರ. ಬೆದರಿದ ಕರಡಿ ಕಟಗಿಗೆ ಹೋದ ನಮ್ಮ ಹೆಣ್ಣುಮಕ್ಕಳಿಗೆ ಎದುರಾಗತೈತಿ."

ನಾನು ತಲೆ ತಗ್ಗಿಸಿದೆ. ಒಂದು ಚಿತ್ರದ ಬೆಲೆಯನ್ನು ನಾನು ಅದುವರೆಗೆ ಕ್ಯಾಮೆರಾದ ಬೆಲೆಯಿಂದಲೇ ಲೆಕ್ಕ ಹಾಕಿದ್ದೆ. ಅದರ ಬೆಲೆಯನ್ನು ಬೇರೆ ಯಾರೋ ತೆರಬೇಕಾಗುತ್ತದೆ ಎಂಬುದು ಹೊಳೆದಿರಲಿಲ್ಲ.

ಹಗ್ಗ ಕಟ್ಟಿದ ಕರಡಿ

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆ ಕರಡಿಯಾಡಿಸುವವರು ಬರುತ್ತಿದ್ದರು. ಕರಡಿಯ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸಿರುತ್ತಿದ್ದರು. ಹಗ್ಗ ಜಗ್ಗಿದಾಗಲೆಲ್ಲ ಅದು ಎದ್ದು ಕುಣಿಯುತ್ತಿತ್ತು. ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಮಕ್ಕಳ ಭಯ ಹೋಗಲೆಂದು ಹಿರಿಯರು ಅದರ ಕೂದಲನ್ನು ತಾಯಿತದಲ್ಲಿ ಕಟ್ಟಿಸುತ್ತಿದ್ದರು. ಅದು ನೋವಿಗೆ ಕುಣಿಯುತ್ತಿದೆಯೆಂದು ನನಗೆ ಯಾರೂ ಹೇಳಲಿಲ್ಲ. ಕಾಯಿದೆಯ ಬಿಗಿಯಿಂದಲೂ, ಆ ಕುಟುಂಬಗಳಿಗೆ ಬೇರೆ ಕಸುಬು ಕಟ್ಟಿಕೊಟ್ಟವರ ಶ್ರಮದಿಂದಲೂ 2009ರ ಸುಮಾರಿಗೆ ಆ ಆಟ ಬಹುಮಟ್ಟಿಗೆ ನಿಂತಿತು. ಹಾಗೆ ಬಿಡಿಸಿ ತಂದ ಎಷ್ಟೋ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಸರೆ ಸಿಕ್ಕಿತು.

ಆ ಹಗ್ಗ ಹೋಯಿತು. ಆದರೆ ನಮ್ಮ ಕೈಯ ಕ್ಯಾಮೆರಾ ಇನ್ನೊಂದು ಹಗ್ಗವಾಗಬಾರದಲ್ಲವೇ? "ಇತ್ತ ತಿರುಗು, ಇನ್ನೂ ಹತ್ತಿರ ಬಾ, ನನಗಾಗಿ ಒಮ್ಮೆ ಎದ್ದು ನಿಲ್ಲು" ಎಂದು ನಾವು ಕಾಡಿನ ಪ್ರಾಣಿಯನ್ನು ಒತ್ತಾಯಿಸುವಾಗ ಹಗ್ಗ ಜಗ್ಗುವವನಿಗೂ ನಮಗೂ ಎಷ್ಟು ವ್ಯತ್ಯಾಸ ಉಳಿಯಿತು? 2018ರ ಮೇ ತಿಂಗಳಲ್ಲಿ ಒಡಿಶಾದ ನಬರಂಗಪುರ ಜಿಲ್ಲೆಯಲ್ಲಿ, ಗಾಯಗೊಂಡಿದ್ದ ಕರಡಿಯೊಂದಿಗೆ ಸೆಲ್ಫಿ ತೆಗೆದುಕೊಳ್ಳಲು ಹೋದವರೊಬ್ಬರು ಪ್ರಾಣ ಕಳೆದುಕೊಂಡರು. ಅದನ್ನು ಓದಿದಾಗ ಎಂಥ ಹುಚ್ಚುತನವೆಂದು ಅಂದುಕೊಂಡಿದ್ದೆ. "ತೆಗಿ, ಲಗೂನ ತೆಗಿ" ಎಂದವಳು ಈಗ ಹಾಗೆ ಅನ್ನಲಾರೆ.

ಪವಿತ್ರ ಗ್ರಂಥದಲ್ಲೂ ಕರಡಿ

ಬೈಬಲಿನಲ್ಲಿ ಬರುವ ಕರಡಿ ನಮ್ಮದಕ್ಕಿಂತ ಬೇರೆ, ಕಂದು ಬಣ್ಣದ್ದು. ಕುರಿಮಂದೆಯನ್ನು ಕಾಯುತ್ತಿದ್ದ ದಾವೀದನು ಅಂಥ ಕರಡಿಯ ಬಾಯಿಂದ ಕುರಿಯನ್ನು ಬಿಡಿಸಿದ ಸಂಗತಿ ಸಮುವೇಲನ ಮೊದಲನೆಯ ಗ್ರಂಥದ 17ನೆಯ ಅಧ್ಯಾಯದಲ್ಲಿದೆ. ಸತ್ಯೋಪದೇಶದ ತರಗತಿಯಲ್ಲಿ ಅದನ್ನು ಎಷ್ಟೋ ಸಲ ಹೇಳಿದ್ದೇನೆ. ಜ್ಞಾನೋಕ್ತಿಗಳ ಗ್ರಂಥದ 17ನೆಯ ಅಧ್ಯಾಯದಲ್ಲಿಯೂ, ಮರಿಗಳನ್ನು ಕಳೆದುಕೊಂಡ ಕರಡಿಯನ್ನು ಎದುರಿಸುವುದು ಮೂರ್ಖನ ಮೂರ್ಖತನವನ್ನು ಎದುರಿಸುವುದಕ್ಕಿಂತ ಮೇಲು ಎಂಬ ಅರ್ಥದ ಮಾತಿದೆ. ಹಿಂದಿನವರು ತಾಯಿ ಕರಡಿಯ ಸಂಕಟವನ್ನು ಬಲ್ಲವರಾಗಿದ್ದರು. ಆ ಬೆಳಿಗ್ಗೆ ಗುಡ್ಡದಲ್ಲಿ ಕರಡಿ ಯಾರು, ಮೂರ್ಖರು ಯಾರು ಎಂದು ನನ್ನನ್ನು ಕೇಳಬೇಡಿ.

ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೋ ಸೀ' ಪರಿಪತ್ರದಲ್ಲಿ, ಬೇರೆ ಜೀವಿಗಳು ನಮ್ಮ ಉಪಯೋಗಕ್ಕಾಗಿ ಮಾತ್ರ ಇರುವ ವಸ್ತುಗಳಲ್ಲ, ದೇವರ ದೃಷ್ಟಿಯಲ್ಲಿ ಅವುಗಳಿಗೆ ಅವುಗಳದೇ ಬೆಲೆಯಿದೆ ಎಂದು ಬೋಧಿಸಿದರು. ಉಪಯೋಗವೆಂದರೆ ಮಾಂಸ, ಚರ್ಮ, ದುಡಿಮೆ ಮಾತ್ರವೆಂದು ನಾನು ತಿಳಿದಿದ್ದೆ. ನಮ್ಮ ಹೆಮ್ಮೆಗಾಗಿ ತೆಗೆದ ಚಿತ್ರವೂ ಒಂದು ಉಪಯೋಗವೇ.

ಗುಡ್ಡಕ್ಕೆ ಹೋಗುವ ಮುನ್ನ

ಬೇಸಿಗೆ ರಜೆಯಲ್ಲಿ ಮಕ್ಕಳು ಗುಡ್ಡ, ಕಾಡಿನ ಅಂಚಿಗೆ ಹೋಗುವುದುಂಟು. ಅವರಿಗೆ ಈ ಮಾತುಗಳನ್ನು ತಿಳಿಸಿರಿ.

1. ಅಲ್ಲಿಯೇ ಬಾಳುವವರ ಮಾತು ಕೇಳಿ. ಕುರಿ ಕಾಯುವವರಿಗೆ, ಅರಣ್ಯ ರಕ್ಷಕರಿಗೆ ಗೊತ್ತಿರುವುದು ನಮಗೆ ಗೊತ್ತಿರುವುದಿಲ್ಲ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗಬೇಡಿ.

2. ಕರಡಿಗಳಿರುವ ಕಡೆ ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ ತಿರುಗಬೇಡಿ. ಹೋಗಲೇಬೇಕಾದರೆ ಗುಂಪಾಗಿ, ಮಾತನಾಡುತ್ತಾ ಹೋಗಿ. ಗವಿ, ಬಂಡೆಗಳ ಸಂದಿಗೆ ಇಣುಕಬೇಡಿ.

3. ಉದ್ದ ಲೆನ್ಸಿನಲ್ಲಿ ಕಣ್ಣಿಟ್ಟವನಿಗೆ ಅಕ್ಕಪಕ್ಕ ಕಾಣುವುದಿಲ್ಲ, ದೂರದ ಅಂದಾಜು ತಪ್ಪುತ್ತದೆ. ಒಬ್ಬರು ಚಿತ್ರ ತೆಗೆಯುವಾಗ ಇನ್ನೊಬ್ಬರು ಸುತ್ತ ನೋಡುತ್ತಿರಬೇಕು.

4. ದೂರದಲ್ಲಿ ಕರಡಿ ಕಂಡರೆ ಅದರ ಕಡೆಗೆ ಮುಖವಿಟ್ಟು ಮೆಲ್ಲಗೆ ಹಿಂದೆ ಸರಿಯಿರಿ. ಓಡಬೇಡಿ, ಅದು ನಮಗಿಂತ ವೇಗವಾಗಿ ಓಡುತ್ತದೆ. ಮರ ಹತ್ತಿ ಪಾರಾಗುವ ಯೋಚನೆಯೂ ಬೇಡ; ಅದಕ್ಕೂ ಮರ ಹತ್ತಲು ಬರುತ್ತದೆ. ತಾಯಿ ಮತ್ತು ಮರಿಗಳ ನಡುವೆ ಎಂದೂ ನಿಲ್ಲಬೇಡಿ. ಮೈಮೇಲೆಯೇ ಬಿದ್ದರೆ ಬೋರಲಾಗಿ ಮಲಗಿ, ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು, ಮುಖ ಮತ್ತು ಕತ್ತನ್ನು ಕಾಪಾಡಿಕೊಳ್ಳಬೇಕೆಂದು ತಿಳಿದವರು ಹೇಳುತ್ತಾರೆ.

5. ಗೂಡು, ಗವಿ, ಮರಿಗಳ ಚಿತ್ರ ಸಿಕ್ಕರೂ ಜಾಗದ ಹೆಸರು ಸಾರಬೇಡಿ. ಇಂದಿನ ಫೋನುಗಳು ಚಿತ್ರದ ಜೊತೆಗೇ ತೆಗೆದ ಜಾಗದ ಗುರುತನ್ನೂ ದಾಖಲಿಸಬಲ್ಲವು. ಅದನ್ನು ನಿಲ್ಲಿಸಿಡುವುದು ಒಳ್ಳೆಯದು.

ಆ ಚಿತ್ರ ಏನಾಯಿತು?

ಹುಡುಗ ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ಅಲುಗಾಡಿ ಮಸುಕಾಗಿದ್ದವು. ಒಂದು ಮಾತ್ರ ಸ್ಪಷ್ಟವಾಗಿತ್ತು. ಎದ್ದು ನಿಂತ ತಾಯಿ, ಬೆನ್ನಿಗಂಟಿದ ಒಂದು ಮರಿ, ನೆಲದ ಮೇಲೆ ಬಾಯಿ ತೆರೆದ ಇನ್ನೊಂದು ಮರಿ. ಸ್ಪರ್ಧೆಗೆ ಕಳಿಸಿದ್ದರೆ ಬಹುಮಾನ ಬರುತ್ತಿತ್ತೋ ಏನೋ. ಕಳಿಸಬೇಡವೆಂದು ನಾನು ಹೇಳಿದೆ. "ಅಲ್ಲಿ ತೆಗಿ ಅಂದಾಕಿ ನೀನಾ, ಈಗ ಬ್ಯಾಡ ಅನ್ನಾಕಿನೂ ನೀನಾ?" ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ಹೌದಪ್ಪಾ, ಅಲ್ಲಿ ತಪ್ಪಿದೆ" ಎಂದಷ್ಟೇ ಹೇಳಿದೆ. ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ತಾನೇ ಹೋಗಿ ಎರಡು ಪ್ರತಿ ಹಾಕಿಸಿ ತಂದ. ಒಂದನ್ನು ತಾತನಿಗೆ ಕೊಟ್ಟು ಬಂದ. ಅವರು ತಮ್ಮ ಒಂದೇ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಚಲೋ ಅದಾವ ಮರಿ" ಎಂದರಂತೆ. ಇನ್ನೊಂದು ನಮ್ಮ ಮನೆಯಲ್ಲಿದೆ. ಬೇರೆ ಯಾರಿಗೂ ಅವನು ಕಳಿಸಲಿಲ್ಲ. ಈ ಲೇಖನದ ಜೊತೆ ಅಚ್ಚು ಹಾಕಿಸಲೇ ಎಂದು ಕೇಳಿದಾಗಲೂ ಬೇಡವೆಂದ. ಗುಡ್ಡದ ಹೆಸರನ್ನು ನಾನೂ ಬೇಕೆಂದೇ ಬರೆದಿಲ್ಲ.

ಮರುವರ್ಷ ಪಾಸ್ಕ ಹಬ್ಬಕ್ಕೆ ಬಂದಾಗ ಬಿಸಿಲೇರಿದ ಮೇಲೆ ಹೋದೆವು. ಗುಡ್ಡ ಹತ್ತಲಿಲ್ಲ. ಬುಡದಲ್ಲಿ ತಾತನ ಹಟ್ಟಿಯ ಪಕ್ಕದ ಅತ್ತಿಮರದ ಕೆಳಗೆ ಮಾತಾಡುತ್ತಾ ಕುಳಿತಿದ್ದೆವು. ಹಳದಿ ಕೊರಳಿನ ಪಿಕಳಾರ ತಾನಾಗಿಯೇ ಹಣ್ಣಿಗೆ ಬಂತು.

ಮನೆಯವರೆಲ್ಲ ಕೂಡಿ ಚಿಂತಿಸಲು

1. ಒಂದು ಒಳ್ಳೆಯ ಚಿತ್ರಕ್ಕಾಗಿ ಇನ್ನೊಬ್ಬರ ನೆಮ್ಮದಿಯನ್ನು ನಾವು ಕೆಡಿಸಿದ್ದುಂಟೇ? ಮನುಷ್ಯರ ದುಃಖದ, ಅಪಘಾತದ ಚಿತ್ರಗಳ ವಿಷಯದಲ್ಲೂ ಯೋಚಿಸಿರಿ.

2. ಹಿರಿಯರಾದ ನಾವು ಮಕ್ಕಳನ್ನು ತಡೆಯಬೇಕಾದ ಹೊತ್ತಿನಲ್ಲಿ ಹುರಿದುಂಬಿಸಿದ ಸಂದರ್ಭಗಳಿವೆಯೇ? ಅದನ್ನು ಅವರ ಮುಂದೆ ಒಪ್ಪಿಕೊಂಡಿದ್ದೇವೆಯೇ?

3. ತನ್ನ ಕಣ್ಣನ್ನು ಕಳೆದ ಪ್ರಾಣಿಯ ಮೇಲೆ ತಾತ ಹಗೆ ಸಾಧಿಸಲಿಲ್ಲ. ನಮಗೆ ನೋವು ಮಾಡಿದವರ ಕಡೆಯಿಂದ ನಿಂತು ನೋಡಲು ನಮ್ಮಿಂದ ಆಗುತ್ತದೆಯೇ?